ಮುಂಬಾಗಿಲಿಗೆ ಮೆಟ್ಟಿಲು

ಸೆಪ್ಟೆಂಬರ್ 29

ಗಾಳಿ ವಾಯವ್ಯ, ಜೋರು. ಕೊಲ್ಲಿಯಲ್ಲಿ ಒಂದು ದೋಣಿಯೂ ಇಲ್ಲ. ಬೆಳಿಗ್ಗೆ ಟೀ, ಉಪ್ಪು ಮೀನು, ಆಲೂಗಡ್ಡೆ. ಮಧ್ಯಾಹ್ನ ಉಪ್ಪು ಮೀನು, ಆಲೂಗಡ್ಡೆ. ರಾತ್ರಿಗೂ ಅದೇ ಉಳಿದಿದೆ. ದೋಣಿ ಮಾರಿ ಎಷ್ಟೋ ವರ್ಷವಾಯಿತು. ಆದರೂ ಗಾಳಿ ಬರೆಯದೆ ಮಲಗಿದರೆ ನಿದ್ದೆ ಹತ್ತುವುದಿಲ್ಲ. ಚಾಳಿ.

ಆಸ್ಪತ್ರೆಯಿಂದ ಫೋನು. ಟ್ರಿಫಿಗೆ ಹಾಕಿದ ಹೊಸ ಸೊಂಟದ ಕೀಲು ಚೆನ್ನಾಗಿ ಕೂತಿದೆಯಂತೆ. ವಾಕರ್ ಹಿಡಿದು ವಾರ್ಡಿನ ಈ ತುದಿಯಿಂದ ಆ ತುದಿಗೆ ನಡೆದಳಂತೆ. ಮತ್ತೆ ಇಟ್ಟುಕೊಂಡು ಏನು ಮಾಡುತ್ತೀರಿ, ಕಳಿಸಿ ನನ್ನ ಹೆಂಡತಿಯನ್ನ ಅಂದೆ.

ಫೋನು ಮಾಡಿದ ನರ್ಸ್ ಹುಡುಗಿ ಕೇಳಿದಳು, ಬಿದ್ದದ್ದು ಎಲ್ಲಿ? ಹಿಂಬಾಗಿಲ ಮೆಟ್ಟಿಲಲ್ಲಿ. ಆ ಮೆಟ್ಟಿಲು ಈಗಲೂ ಹಾಗೇ ಇದೆಯಾ? ಮತ್ತೆ ಓಡಿಹೋಗುತ್ತದಾ? ಹಿಡಿದುಕೊಳ್ಳಲು ಏನಾದರೂ ಇದೆಯಾ? ಗೋಡೆ ಇದೆ ಅಂದೆ. ಆ ಕಡೆ ಏನೋ ಬರೆದುಕೊಂಡಳು.

ಆಮೇಲೆ ತೀರ್ಪು. ಕಾಯಿದೆ ಪ್ರಕಾರ ಮೆಟ್ಟಿಲು ಕಟ್ಟಿಸಬೇಕು. ಊರಿನ ಕೌನ್ಸಿಲ್‌ನ ಇನ್‌ಸ್ಪೆಕ್ಟರ್ ಬಂದು ನೋಡಿ ರುಜು ಹಾಕಬೇಕು. ಅಕ್ಟೋಬರ್ ಮುಗಿಯುವುದರೊಳಗೆ ಆದರೆ ಮನೆಗೆ. ಆಗದಿದ್ದರೆ ಚಳಿಗಾಲ ಪೂರ್ತಿ ಪಟ್ಟಣದಲ್ಲಿ, ಅವಳ ತಂಗಿ ಮಿಲ್ಡ್ರೆಡ್ ಮನೆಯಲ್ಲಿ. ಅಲ್ಲಿ ಲಿಫ್ಟಿದೆ. ಕಾಲು ಹೂತುಹೋಗುವಂಥ ಕಾರ್ಪೆಟ್ಟಿದೆ. ಮಿಲ್ಡ್ರೆಡ್ಡೂ ಇದ್ದಾಳೆ. ಒಂದು ಸಲ ಲಿಫ್ಟಿನ ರುಚಿ ಹತ್ತಿದವಳು ವಸಂತದಲ್ಲಿ ಈ ಬಂಡೆಯ ಮೇಲಕ್ಕೆ ವಾಪಸು ಬರುತ್ತಾಳೆ ಅನ್ನುವುದಕ್ಕೆ ಏನು ಗ್ಯಾರಂಟಿ...

ಕಟ್ಟುತ್ತೇನೆ ಅಂದೆ. ದೋಣಿ ಕಟ್ಟಿದವನಿಗೆ ಮೆಟ್ಟಿಲು ಯಾವ ಮಹಾ.

ಸೆಪ್ಟೆಂಬರ್ 30

ಗಾಳಿ ಅದೇ. ಹಿತ್ತಲು ನೋಡಿಬಂದೆ. ಅಲ್ಲಿ ಆಗುವುದಿಲ್ಲ. ಹಿಂಬಾಗಿಲಿಗೂ ಬಂಡೆಗೂ ನಡುವೆ ಒಬ್ಬ ಮನುಷ್ಯ, ಒಂದು ಬಕೆಟ್ಟು, ಅಷ್ಟೇ ಜಾಗ. ಕಾಯಿದೆಯ ಅಗಲದ ಮೆಟ್ಟಿಲು ಅಲ್ಲಿ ಕೂರುವುದಿಲ್ಲ.

ಹಾಗಾದರೆ ಮುಂದೆ. ಮುಂಬಾಗಿಲು ನೆಲದಿಂದ ಎದೆಯೆತ್ತರದಲ್ಲಿ ನೇತಾಡುತ್ತಿದೆ. ಮನೆ ಕಟ್ಟಿದಾಗಿನಿಂದ ಹಾಗೇ. ಊರಿನಲ್ಲಿ ಯಾರ ಮನೆಗೆ ಮುಂದೆ ಮೆಟ್ಟಿಲಿದೆ? ಮುಂಬಾಗಿಲು ಇರಬೇಕು, ಇದೆ. ಅದರಲ್ಲಿ ಓಡಾಡಬೇಕೆಂದು ಯಾರೂ ಹೇಳಿಲ್ಲ. ಬರುವವರು ಹಿಂದಿನಿಂದ ಬರುತ್ತಾರೆ, ಬಾಗಿಲು ತಟ್ಟದೆ, ನೇರ ಅಡುಗೆಮನೆಗೆ. ತಟ್ಟಿದರೆ ಪೊಲೀಸರೆಂದೇ ಅರ್ಥ. ಮುಂಬಾಗಿಲು ತೆರೆಯುವುದು ಹೆಣ ಹೊರಡುವಾಗ. ಆ ಹೊತ್ತಿಗೆ ಮೀನಿನ ಪೆಟ್ಟಿಗೆ ಜೋಡಿಸಿ ಮೇಲೆ ಹಲಗೆ ಹಾಸಿದರಾಯಿತು. ಅಪ್ಪನನ್ನು ಹಾಗೇ ಇಳಿಸಿದ್ದು. ಬಿಗಿಯಾಗಿ ಹಿಡಿದಿದ್ದೆವು. ಒಂದು ಕಡೆ ಜಾರಿದ. ಸ್ವಲ್ಪ.

ಆದರೆ ಮುಂದೆ ಸಮುದ್ರ ಕಾಣುತ್ತದೆ. ಒಂದು ಮರದ ಜಗಲಿ, ಅದಕ್ಕೆ ಮೆಟ್ಟಿಲು. ಬಿಸಿಲಿದ್ದ ದಿನ ಟ್ರಿಫಿ ಕೂತು ಕಾಲುಚೀಲ ಹೆಣೆಯಬಹುದು. ಅವಳಿಗೆ ಹೇಳುವುದಿಲ್ಲ. ಬಂದು ನೋಡಲಿ.

ಅವಳ ತಮ್ಮ ಗಾರ್ಲೆಂಡ್‌ನನ್ನು ಸಹಾಯಕ್ಕೆ ಕರೆದೆ. ಬೇರೆ ಯಾರೂ ಇಲ್ಲ.

"ಮುಂಬಾಗಿಲಿಗಾ ಭಾವ?" ಅಂದ. "ಯಾರು ಸತ್ರು?"

"ಯಾರೂ ಸತ್ತಿಲ್ಲ. ಹಲಗೆ ಹಿಡಿ."

"ಅಲ್ಲ, ನ್ಯೂಫೌಂಡ್‌ಲ್ಯಾಂಡ್ ಇಡೀ ಹುಡುಕಿದ್ರೂ ಬದುಕಿರೋರ ಮನೇಲಿ—"

"ಹಲಗೆ!"

ಅಕ್ಟೋಬರ್ 3

ಮಂಜು. ಇನ್‌ಸ್ಪೆಕ್ಟರ್ ಬಂದಳು. ಯಾರೆಂದರೆ ಲೀವೈ ಪಾರ್ಡಿಯ ಮಗಳು ಕೊರೀನ್! ನಮ್ಮ ಅಡುಗೆಮನೆಯ ನೆಲದ ಮೇಲೆ ಮೂಗು ಸುರಿಸಿಕೊಂಡು ಬಿಸ್ಕತ್ತು ತಿಂದವಳು. ಈಗ ತಲೆಗೆ ಹಳದಿ ಟೊಪ್ಪಿ, ಕೈಯಲ್ಲಿ ಒಂದು ಪುಸ್ತಕ. ಮೆಟ್ಟಿಲಿನ ಬಗ್ಗೆ ಅಷ್ಟು ದಪ್ಪದ ಪುಸ್ತಕ! ಬೈಬಲ್ಲಿನಲ್ಲೇ ಮೆಟ್ಟಿಲಿನ ಬಗ್ಗೆ ಅಷ್ಟಿಲ್ಲ.

"ಓದ್ಕೊಳಿ ಮಾವ. ಗುರುತು ಹಾಕಿದೀನಿ."

ಐದನೇ ಕ್ಲಾಸಿಗೆ ಶಾಲೆ ಬಿಟ್ಟವನು ನಾನು. ಓದಲು ಬರುತ್ತದೆ. ಕೂರಲು ಬರುವುದಿಲ್ಲ.

"ಬಾಯಲ್ಲಿ ಹೇಳು" ಅಂದೆ.

"ಮೂರೇ ಮಾತು. ಎಲ್ಲಾ ಮೆಟ್ಟಿಲೂ ಒಂದೇ ಎತ್ತರ. ಕೈಗೆ ಸಿಗೋ ಹಾಗೆ ಹಿಡಿಕೆ. ಕಟಾಂಜನದ ಕಂಬಿ ಹತ್ತಿರ ಹತ್ತಿರ ಇರ್ಬೇಕು."

"ಹತ್ತಿರ ಅಂದ್ರೆ?"

ಚೀಲದಿಂದ ಒಂದು ಚೆಂಡು ತೆಗೆದು ತೋರಿಸಿದಳು. ಮುಷ್ಟಿಗಿಂತ ಸ್ವಲ್ಪ ದೊಡ್ಡದು. ಇದು ತೂರಬಾರದಂತೆ. ಇದಕ್ಕೆ ಸರ್ಕಾರ ಸಂಬಳ ಕೊಡುತ್ತದೆ.

ಅಕ್ಟೋಬರ್ 9

ಗಾಳಿ ತೆಂಕಣ, ಮೆದು. ಮುಗಿಯಿತು! ಕಂಬಗಳು ಬಂಡೆಯ ಮೇಲೇ ನಿಂತಿವೆ. ಭೂಮಿ ನಡುಗಿದರೂ ಅಲುಗಾಡುವುದಿಲ್ಲ. ಟೇಪು ಹಿಡಿಯಲಿಲ್ಲ. ಇಷ್ಟು ದೋಣಿ ಕಟ್ಟಿದ್ದು ಕಣ್ಣಳತೆಯಲ್ಲೇ. ಒಂದೂ ಮುಳುಗಲಿಲ್ಲ. ಒಂದು ಮುಳುಗಿತು, ಅದು ಗಾರ್ಲೆಂಡ್‌ನಿಂದ.

ಕೆಲಸವೆಲ್ಲ ಮುಂದೆಯೇ ಇದ್ದದ್ದರಿಂದ ಕೆಟಲ್ಲು, ಮೇಜು, ಎರಡು ಕುರ್ಚಿ ಮುಂದಿನ ಕೋಣೆಗೆ ತಂದಿಟ್ಟುಕೊಂಡೆ. ಟ್ರಿಫಿ ನೋಡಿದ್ದರೆ ಕೊಲ್ಲುತ್ತಿದ್ದಳು. ಆ ಕೋಣೆ ಪಾದ್ರಿಗೆ, ಹೆಣಕ್ಕೆ. ನಾನೇ ಅಲ್ಲಿ ಕೂತದ್ದು ನಾಲ್ಕೈದು ಸಲ.

ಅಕ್ಟೋಬರ್ 10

ಗಾಳಿ ಇಲ್ಲ. ವಿಚಿತ್ರ ದಿನ.

ಬೆಳಿಗ್ಗೆ ಪಕ್ಕದ ಮನೆಯ ಡ್ರೂಸಿ ಹಿಂಬಾಗಿಲಿನಿಂದ ಬಂದಳು. ಕೈಯಲ್ಲಿ ಬ್ಲೂಬೆರಿ ಪೈ. ಕಣ್ಣು ಕೆಂಪು. ಮೇಜು ಕಾಣದೆ ಮುಂದಿನ ಕೋಣೆಯವರೆಗೂ ಬಂದು ಪೈ ಇಟ್ಟು ನನ್ನ ಭುಜ ಹಿಡಿದುಕೊಂಡಳು.

"ತುಂಬ ಕಷ್ಟ ಆಯ್ತಾ ಹೆಡ್ಲಿ?"

"ಕೊನೇದೊಂದು ಕಷ್ಟ ಆಯ್ತು" ಅಂದೆ. "ಮಿಕ್ಕಿದ್ದೆಲ್ಲ ಸಲೀಸು."

ಗೊಳೋ ಎಂದು ಅಳುತ್ತ ಹೊರಟುಹೋದಳು. ಮೆಟ್ಟಿಲಿಗೆ ಇಷ್ಟು ಅಳುವವಳನ್ನು ನಾನು ಕಂಡಿಲ್ಲ. ಪೈ ಚೆನ್ನಾಗಿತ್ತು.

ಆಮೇಲೆ ಇನ್ನೊಬ್ಬಳು ಕಾಕಂಬಿ ಬ್ರೆಡ್ಡು ತಂದಳು. ಮತ್ತೊಬ್ಬಳು ಇಡೀ ಒಂದು ಕೋಳಿ, ಹುರಿದದ್ದು. ಗಂಡಸರು ಬಂದು ಟೊಪ್ಪಿ ತೆಗೆದು ಸುಮ್ಮನೆ ನಿಂತರು. ನಾನು ತಿನ್ನುತ್ತಲೇ ಇದ್ದೆ. ಉಪ್ಪು ಮೀನು ತಿಂದೂ ತಿಂದೂ ಮನುಷ್ಯನಿಗೆ ಪ್ರಶ್ನೆ ಕೇಳುವ ಶಕ್ತಿ ಹೋಗಿರುತ್ತದೆ.

ಸಂಜೆ ಪಾದ್ರಿ ಬಂದರು. ಕೋಳಿಕಾಲು ಹಿಡಿದಿದ್ದ ನನ್ನ ಕೈಯನ್ನೇ ತಮ್ಮೆರಡು ಕೈಯಲ್ಲಿ ಹಿಡಿದು, "ಟ್ರಿಫೀನಾ ಅವರಿಗೆ ಯಾವ ಕೀರ್ತನೆ ಇಷ್ಟ ಇತ್ತು?" ಅಂದರು.

ಇತ್ತು?

ಆಗ ಹೊಳೆಯಿತು. ಮುಂಬಾಗಿಲಿಗೆ ಮೆಟ್ಟಿಲು. ಊರಿಗೆ ಊರೇ ಪರದೆ ಸರಿಸಿ ನೋಡಿದೆ, ಲೆಕ್ಕ ಹಾಕಿದೆ. ಟ್ರಿಫಿಯನ್ನು ಇಳಿಸುವುದಕ್ಕೆ ಹೆಡ್ಲಿ ಮೆಟ್ಟಿಲು ಕಟ್ಟುತ್ತಿದ್ದಾನೆ, ಪಾಪ, ಮೀನಿನ ಪೆಟ್ಟಿಗೆ ಸಾಲದೆಂದು, ಅಷ್ಟು ಪ್ರೀತಿ.

"ಅವಳು ಬದುಕಿದ್ದಾಳೆ!" ಅಂದೆ. ಪಾದ್ರಿ ಬಹಳ ಸಂತೋಷಪಟ್ಟರು. ಒಂದು ತುಂಡು ಪೈ ತಿಂದರು.

ಡ್ರೂಸಿ ಮಾತ್ರ ಬೇಲಿಯಾಚೆಯಿಂದ ಕೂಗಾಡಿದಳು. "ಬದುಕಿದಾಳೆ ಅಂತ ಬೆಳಿಗ್ಗೇನೇ ಹೇಳೋಕೆ ಏನಾಗಿತ್ತು ನಿಂಗೆ? ಚಳಿಗಾಲಕ್ಕೆ ಇಟ್ಟಿದ್ದ ಹಣ್ಣೆಲ್ಲ ಸುರಿದು ಮಾಡಿದೀನಲ್ಲೋ!"

"ನೀನು ಕೇಳಿದ್ರೆ ತಾನೆ!"

"ಬದುಕಿದಾಳಾ ಅಂತ ಯಾರಾದ್ರೂ ಕೇಳ್ತಾರಾ? ನಾಚಿಕೆ ಇಲ್ಲದೋನೆ, ತಿಂದ್ಯಲ್ಲ!"

ಅಕ್ಟೋಬರ್ 11

ಟ್ರಿಫಿ ಫೋನು ಮಾಡಿದಳು.

"ಹೆಡ್ಲಿ, ನಾನು ಸತ್ತಿದೀನಂತೆ. ನಿಜವಾ?"

"ಇಲ್ಲ."

"ಮಿಲ್ಡ್ರೆಡ್ ಕಪ್ಪು ಕೋಟು ಹಾಕ್ಕೊಂಡು ಅಳ್ತಾ ವಾರ್ಡಿಗೆ ಬಂದ್ಲು. ನಾನು ಕೂತ್ಕೊಂಡು ಜೆಲ್ಲಿ ತಿಂತಿದ್ದೆ. ನನ್ನ ನೋಡಿ ಇನ್ನೂ ಜೋರಾಗಿ ಅತ್ಲು."

"ಅವಳ ಕಥೆ ಬಿಡು."

"ಯಾರ್ಯಾರು ಏನೇನು ತಂದ್ರು?"

ಹೇಳಿದೆ. ಪೈ, ಬ್ರೆಡ್ಡು, ಕೋಳಿ.

"ಹೇಜಲ್?"

"ಏನೂ ಇಲ್ಲ."

"ಏನೂ ಇಲ್ವಾ? ಅವಳತ್ತೆ ಹೋದಾಗ ನಾನು ಹಂದಿತೊಡೆ ಕೊಟ್ಟಿದ್ದೆ. ಇರ್ಲಿ. ಬದುಕಿರೋದು ಒಳ್ಳೇದೇ ಆಯ್ತು." ಆಮೇಲೆ, "ಹೆಡ್ಲಿ, ಅಲ್ಲೇನು ಮಾಡ್ತಿದೀಯ ನೀನು?"

"ಮೆಟ್ಟಿಲು."

"ಎಲ್ಲಿಗೆ?"

ಲೈನು ಸರಿಯಿಲ್ಲ, ಕೇಳಿಸುತ್ತಿಲ್ಲ ಅಂದು ಇಟ್ಟೆ. ಅಷ್ಟು ಸ್ಪಷ್ಟವಾಗಿ ಫೋನು ಎಂದೂ ಕೇಳಿಸಿರಲಿಲ್ಲ.

ಅಕ್ಟೋಬರ್ 14

ಗಾಳಿ ಈಶಾನ್ಯ. ದರಿದ್ರ ಗಾಳಿ. ಫೇಲು.

ಕೊರೀನ್ ಮೊದಲು ರಸಮಟ್ಟ ಇಟ್ಟಳು, ಆಮೇಲೆ ಟೇಪು ಹಿಡಿದಳು. ಒಂದೊಂದು ಮೆಟ್ಟಿಲೂ ಒಂದೊಂದು ಎತ್ತರವಂತೆ. ಕೊನೆಯದು ಮಿಕ್ಕವಕ್ಕಿಂತ ಎರಡು ಬೆರಳು ಜಾಸ್ತಿ.

"ಎರಡು ಬೆರಳು ತಾನೆ" ಅಂದೆ.

"ಕಾಲು ಮೊದಲೆರಡು ಮೆಟ್ಟಿಲಲ್ಲೇ ಲೆಕ್ಕ ಹಾಕ್ಕೊಂಡ್ಬಿಡುತ್ತೆ ಮಾವ. ಆಮೇಲೆ ಕಣ್ಣು ಹೇಳಿದ್ರೂ ಕೇಳಲ್ಲ. ಕೊನೇದು ಬೇರೆ ಥರ ಇದ್ರೆ ಮುಗ್ಗರಿಸೋದೇ. ಅತ್ತೆ ಬಿದ್ದಿದ್ದು ಯಾವ ಮೆಟ್ಟಿಲಲ್ಲಿ?"

ಕೊನೆಯದರಲ್ಲಿ. ಹೇಳಲಿಲ್ಲ.

ಹಿಡಿಕೆಯೂ ಆಗುವುದಿಲ್ಲವಂತೆ. ಅಗಲದ ಹಲಗೆ, ಬೆರಳು ಸುತ್ತುವುದಿಲ್ಲ, ಜಾರುವಾಗ ಹಿಡಿತ ಸಿಗುವುದಿಲ್ಲ. ಆಮೇಲೆ ಆ ಚೆಂಡು. ಕಂಬಿಗಳ ನಡುವೆ ಉರುಳಿಸಿದಳು. ಎಲ್ಲ ಕಡೆಯೂ ಆರಾಮಾಗಿ ತೂರಿ ಕೊಲ್ಲಿಯ ಕಡೆ ಉರುಳಿತು.

"ಇದು ತೂರಿದ್ರೆ ಮಗು ಸಿಕ್ಕಾಕ್ಕೊಳುತ್ತೆ."

"ಈ ಮನೇಲಿ ಮಗು ಎಲ್ಲಿದೆ? ಎಲ್ರಿಗಿಂತ ಚಿಕ್ಕೋನು ಗಾರ್ಲೆಂಡು. ಅವನಿಗೆ ಅರವತ್ತೊಂಬತ್ತು!"

ಗಾರ್ಲೆಂಡ್ ನನ್ನ ಪರವಾಗಿ ಮಾತಾಡಲು ಬಂದ. "ಯಾರ ತಲೆಯಮ್ಮ ತೂರುತ್ತೆ ಇದ್ರಲ್ಲಿ? ನೋಡು ಬೇಕಾದ್ರೆ" ಎಂದು ತಲೆ ತೂರಿಸಿದ. ತೂರಿತು. ವಾಪಸು ಬರಲಿಲ್ಲ. ಕಿವಿ ಅಡ್ಡ.

ಬೆಣ್ಣೆ ಹಚ್ಚಿದೆ. ಆಗಲಿಲ್ಲ. ಕೊನೆಗೆ ಒಂದು ಕಂಬಿ ಗರಗಸದಿಂದ ಕೊಯ್ದೆ. ಅಷ್ಟು ಹೊತ್ತೂ ಕೊರೀನ್ ನಗಲಿಲ್ಲ. ಏನೋ ಬರೆದುಕೊಳ್ಳುತ್ತಿದ್ದಳು. ನಕ್ಕಿದ್ದರೇ ವಾಸಿಯಿತ್ತು.

ಅಕ್ಟೋಬರ್ 15

ಬರೆಯಲು ಏನೂ ಇಲ್ಲ. ಗಾಳಿ ಇದೆ.

ಅಕ್ಟೋಬರ್ 21

ಎಲ್ಲ ಕಿತ್ತು ಮತ್ತೆ ಕಟ್ಟಿದೆ. ಈ ಸಲ ಟೇಪು ಹಿಡಿದು. ನನ್ನ ಕಣ್ಣಿಗಿಂತ ಅಂಗಡಿಯ ತಗಡಿನ ಪಟ್ಟಿಗೆ ಬೆಲೆ ಬಂದಿದೆ, ಬರಲಿ. ಕಂಬಿಗಳ ನಡುವೆ ಅವಳ ಚೆಂಡಿನ ಬದಲು ಟರ್ನಿಪ್ ಗಡ್ಡೆ ಹಿಡಿದು ನೋಡಿದೆ. ತೂರಲಿಲ್ಲ. ಗಾರ್ಲೆಂಡ್ ಕಟಾಂಜನದಿಂದ ದೂರವೇ ನಿಂತಿದ್ದ.

ಹಿಡಿಕೆಗೆ ಏನು ಮಾಡುವುದು? ದುಂಡಗಿರಬೇಕು, ಕೈ ತುಂಬಬೇಕು, ನಯವಾಗಿರಬೇಕು. ಶೆಡ್ಡಿನ ಅಟ್ಟದಲ್ಲಿ ದೋಣಿಯ ಹುಟ್ಟು ಎರಡು ಬಿದ್ದಿದ್ದವು. ನನ್ನ ಕೈಗೇ ಸವೆದದ್ದು, ಬೆರಳು ತಾನಾಗಿ ಸುತ್ತಿಕೊಳ್ಳುತ್ತದೆ. ಅಲಗು ಕೊಯ್ದು ಹಾಕಿ, ಮಿಕ್ಕ ಕೋಲನ್ನು ಎರಡೂ ಪಕ್ಕಕ್ಕೆ ಬಿಗಿದೆ.

ಗಾರ್ಲೆಂಡ್ ಏನೋ ಹೇಳಲು ಬಾಯಿ ತೆರೆದ. ನೋಡಿದೆ. ಮುಚ್ಚಿದ.

ಅಕ್ಟೋಬರ್ 23

ಗಾಳಿ ಪಡುವಣ, ತಣ್ಣಗೆ. ಹೊಸ ಜಗಲಿಯ ಮೇಲೆ ಗಡ್ಡ ಬೋಳಿಸಿಕೊಂಡು ನಿಂತು ಇನ್‌ಸ್ಪೆಕ್ಟರಿಗೆ ಕಾಯುತ್ತಿದ್ದೆ. ಬರಲಿ, ಮುಂಬಾಗಿಲಿನಿಂದ ಬರಲಿ, ಮರ್ಯಾದೆಯಾಗಿ.

ಹಿಂದಿನಿಂದ ದನಿ. "ಮಾವಾ, ಇದೀರಾ?"

ಅಡುಗೆಮನೆಯಲ್ಲಿ ನಿಂತಿದ್ದಾಳೆ! ಹಿಂಬಾಗಿಲಿನಿಂದ ಬಂದಿದ್ದಾಳೆ, ತಟ್ಟದೆ. ಬಿಸ್ಕತ್ತಿಗೆ ಬರುತ್ತಿದ್ದ ಹಾಗೇ.

"ನೀನು ನೋಡಬೇಕಾದ ಮೆಟ್ಟಿಲು ಆ ಕಡೆ ಇದೆ, ತಾಯಿ."

ನಾಲಿಗೆ ಕಚ್ಚಿಕೊಂಡಳು. ಸರಿ, ಸುತ್ತಿ ಬರುತ್ತೇನೆಂದು ಬಂದ ದಾರಿಯಲ್ಲೇ ಹೊರಟಳು. ಆ ಹಳೆಯ ಮೆಟ್ಟಿಲು ನನಗೆ ಗೊತ್ತು. ಇಳಿಯುವಾಗ ಮೊದಲನೆಯದು ಕೀರಲು, ಎರಡನೆಯದು ದಪ್ಪ ಸದ್ದು, ಕೊನೆಯದು ಪೊಳ್ಳು. ಕುರ್ಚಿಯಿಂದ ಏಳದೆ ಯಾರು ಬಂದರು, ಎಲ್ಲಿದ್ದಾರೆ ಹೇಳುತ್ತಿದ್ದೆ. ಕೀರಲು ಕೇಳಿತು. ದಪ್ಪ ಸದ್ದು ಕೇಳಿತು. ಆಮೇಲೆ ಒಂದು ಚೀತ್ಕಾರ.

ಓಡಿಹೋಗಿ ನೋಡಿದರೆ ಇನ್‌ಸ್ಪೆಕ್ಟರ್ ಬಂಡೆಗೆ ಒರಗಿ ನಿಂತಿದ್ದಾಳೆ. ಏನೂ ಆಗಿಲ್ಲ. ಹಳದಿ ಟೊಪ್ಪಿ ಎಲೆಕೋಸಿನ ಮಡಿಯಲ್ಲಿ.

"ಕಾಲಿನ ಲೆಕ್ಕ ತಪ್ಪಿತಾ?" ಅಂದೆ.

ಅದು ಹೇಳಬಾರದಿತ್ತು.

ಮುಂದಿನ ಮೆಟ್ಟಿಲು ಎಲ್ಲ ಪಾಸು. ಚೆಂಡು ಒಂದು ಕಡೆಯೂ ತೂರಲಿಲ್ಲ. ಹುಟ್ಟಿನ ಮೇಲೆ ಕೈಯಾಡಿಸಿ ಸುಮ್ಮನೆ ತಲೆದೂಗಿದಳು. ಕಾಗದ ತೆಗೆದಳು. ರುಜು ಹಾಕುವ ಮುಂಚೆ ಹೇಳಿದಳು:

"ಹಿಂದಿನದನ್ನ ಇವತ್ತೇ ಕಿತ್ತುಹಾಕ್ಬೇಕು. ಅದಿದ್ರೆ ಅತ್ತೆ ಅದ್ರಲ್ಲೇ ಓಡಾಡ್ತಾಳೆ."

"ಕೀಳ್ದೆ ಇದ್ರೆ?"

"ಅತ್ತೆ ಮಿಲ್ಡ್ರೆಡ್ ಮನೇಲಿ ಓಡಾಡ್ತಾಳೆ."

ಕಿತ್ತೆ. ಒಲೆಗೆ ಹಾಕಿದೆ. ಕೊನೆಯ ಮೆಟ್ಟಿಲು ಬಹಳ ಹೊತ್ತು ಉರಿಯಿತು. ಈಗ ಹಿಂಬಾಗಿಲು ಗಾಳಿಯಲ್ಲಿ ನೇತಾಡುತ್ತಿದೆ. ರುಜು ಹಾಕಿದ ಕಾಗದ ಕೆಟಲ್ಲಿನ ಕೆಳಗಿದೆ.

ಅಕ್ಟೋಬರ್ 27

ಗಾಳಿ ಬರೆಯಲು ಮರೆತೆ. ಟ್ರಿಫಿ ಬಂದಳು.

ಮಧ್ಯಾಹ್ನ ಗಾರ್ಲೆಂಡ್ ತನ್ನ ಟ್ರಕ್ಕಿನಲ್ಲಿ ಕರೆತಂದ. ಎಲ್ಲ ಮನೆಯ ಪರದೆಯೂ ಅಲುಗಾಡಿತು. ಸತ್ತವಳು ವಾಪಸು ಬರುವುದನ್ನು ನೋಡಬೇಕಲ್ಲ. ಇಳಿದಳು. ಸೊರಗಿದ್ದಾಳೆ. ಬಾಯಿ ಸೊರಗಿಲ್ಲ. ವಾಕರ್ ಊರಿ ನಿಂತು ಮನೆ ನೋಡಿದಳು.

"ಇದೇನು?"

"ಮೆಟ್ಟಿಲು."

"ಮೆಟ್ಟಿಲು ಅಂತ ಕಾಣುತ್ತೆ. ಅಲ್ಲಿ ಯಾಕಿದೆ?"

"ಸಮುದ್ರ ಕಾಣ್ಲಿ ಅಂತ."

"ಸಮುದ್ರ ನೋಡಿಲ್ವಾ ನಾನು? ನೋಡು ಹೆಡ್ಲಿ. ಆ ಬಾಗಿಲಲ್ಲಿ ನಾನು ಹೋಗೋದು ಒಂದೇ ಸಲ, ಆರು ಜನ ಹೊತ್ಕೊಂಡು. ಈಗ ಹಿಂದಿಂದ ಹೋಗ್ತೀನಿ."

"ಹಿಂದೆ ಮೆಟ್ಟಿಲಿಲ್ಲ."

"ಏನಾಯ್ತು?"

"ಒಲೆಗೆ ಹಾಕ್ದೆ."

ಗಾರ್ಲೆಂಡ್ ಟ್ರಕ್ಕಿನ ಟೈರು ನೋಡತೊಡಗಿದ. ಟ್ರಿಫಿ ವಾಕರ್ ಟ್ರಕ್ಕಿನ ಕಡೆ ತಿರುಗಿಸಿದಳು. ಆಮೇಲೆ ಮೆಲ್ಲಗೆ, "ಗಾರ್ಲೆಂಡ್, ಗಾಡಿ ತಿರುಗ್ಸು. ಮಿಲ್ಡ್ರೆಡ್ ಮನೆಗೆ" ಅಂದಳು.

ಎಂಥ ಸಿಟ್ಟು ಬಂತು! ಹೋಗು, ಲಿಫ್ಟಿನಲ್ಲೇ ಮೇಲೂ ಕೆಳಗೂ ಓಡಾಡು ಎಂದು ಕೂಗಿ ಮೆಟ್ಟಿಲಿಗೆ ಝಾಡಿಸಿ ಒದ್ದೆ. ಮೆಟ್ಟಿಲು ಅಲುಗಾಡಲಿಲ್ಲ. ಬೆರಳು ಮುರಿಯಿತೋ ಏನೋ. ಕುಂಟುತ್ತ ಅದೇ ಮೆಟ್ಟಿಲ ಮೇಲೆ ಕೂತೆ. ಅವಳು ಟ್ರಕ್ಕಿನ ಬಾಗಿಲು ಹಿಡಿದುಕೊಂಡಿದ್ದಳು. ಹತ್ತಲಿಲ್ಲ. ಇಳಿಯುವುದಕ್ಕಿಂತ ಹತ್ತುವುದು ಕಷ್ಟವಿರಬೇಕು.

"ಕೆಟಲ್ ಕಾದಿದೆ" ಅಂದೆ.

ಆಗ ಡ್ರೂಸಿ ಬಂದಳು. ಕೈಯಲ್ಲಿ ಇನ್ನೊಂದು ಪೈ, ಈ ಸಲ ಬದುಕಿದ್ದಕ್ಕೆ. ನನ್ನನ್ನು ದಾಟಿ, ಹುಟ್ಟು ಹಿಡಿದು, ಮೆಟ್ಟಿಲು ಹತ್ತಿ, ತಟ್ಟದೆ, ಕಾಲಿನಿಂದ ಬಾಗಿಲು ತಳ್ಳಿ ಒಳಗೆ ಹೋದಳು. ಒಳಗಿನಿಂದ ಕೂಗಿದಳು. "ಕೆಟಲ್ ಕುದೀತಿದೆ, ಯಾರಿಗ್ಯಾರಿಗೆ ಟೀ?"

ಟ್ರಿಫಿ ಬಾಗಿಲು ನೋಡಿದಳು. ನನ್ನನ್ನು ನೋಡಿದಳು.

"ಕೆಟಲ್ ಮುಂದಿನ ಕೋಣೇಲಿದೆಯಾ?"

"ಹೂಂ. ಮೇಜೂ ಅಲ್ಲೇ."

"ಪಾದ್ರಿ ಕೋಣೇಲಿ!"

"ಹೂಂ."

"ಡ್ರೂಸಿ ತಟ್ಟದೆ ಹೋದ್ಲು."

"ನೋಡಿದೆ."

ಬಹಳ ಹೊತ್ತು ಯೋಚಿಸಿದಳು. ತುಟಿ ಕಚ್ಚಿಕೊಂಡು, ಹೆಣಿಗೆಯ ಎಳೆ ಎಣಿಸುವಾಗ ಹೇಗೋ ಹಾಗೆ. "ಕೆಟಲ್ ಇರೋ ಕಡೆ, ಜನ ತಟ್ಟದೆ ಬರೋ ಕಡೆ... ಅದು ಹಿಂಬಾಗಿಲು. ಹೌದೋ ಅಲ್ವೋ?"

"ಹೌದು."

"ಆ ಕಡೆ ಬಾಗಿಲು ಈಗ ಗಾಳೀಲಿ ನೇತಾಡ್ತಿದೆ. ಮೆಟ್ಟಿಲಿಲ್ಲ."

"ಇಲ್ಲ."

"ಮುಂಬಾಗಿಲು ಇರೋದೇ ಹಾಗೆ." ಟ್ರಕ್ಕಿನ ಬಾಗಿಲು ಧಡಾರನೆ ಹಾಕಿದಳು. "ಸರಿ, ಏಳು. ಹಿಂಬಾಗಿಲಲ್ಲಿ ಅಡ್ಡ ಕೂತಿದೀಯಲ್ಲ, ದಾರಿ ಬಿಡು."

ಎದ್ದೆ. ವಾಕರ್ ಗಾರ್ಲೆಂಡ್‌ಗೆ ಕೊಟ್ಟು ಹುಟ್ಟಿಗೆ ಕೈ ಹಾಕಿದಳು. ನಾನು ಹಿಂದೆಯೇ ನಿಂತೆ. ಮೊದಲ ಮೆಟ್ಟಿಲಲ್ಲೇ ನಿಂತುಬಿಟ್ಟಳು.

"ಇದು ದೋಣೀದಲ್ವಾ?"

"ಹೂಂ."

"ಮಾರಿದೆ ಅಂದಿದ್ದೆ."

"ದೋಣಿ ಮಾರಿದೆ."

ಹತ್ತಿದಳು. ನೋಡದೆ ಹತ್ತಿದಳು, ಕೊನೆಯದನ್ನೂ. ಮೇಲೆ ಹೋಗಿ ತಿರುಗಿ, "ಬಣ್ಣ ಹೊಡೆದಿಲ್ಲ" ಅಂದಳು.

ನವೆಂಬರ್ 2

ಗಾಳಿ ತೆಂಕಣ. ಬಿಸಿಲು. ಈ ಕಾಲದಲ್ಲಿ ಇಂಥ ದಿನ ಅಪರೂಪ.

ಮನೆ ತಿರುಗಿಬಿಟ್ಟಿದೆ. ಹಿಂಬಾಗಿಲು ಸಮುದ್ರ ನೋಡುತ್ತದೆ, ಮುಂಬಾಗಿಲು ಬಂಡೆ ನೋಡುತ್ತದೆ. ಪಾದ್ರಿ ಬಂದರೆ ಈಗ ಹಳೆಯ ಅಡುಗೆಮನೆಯಲ್ಲಿ ಕೂರಿಸಬೇಕಂತೆ. ಹೆಣ ಇಳಿಸಲು ಆ ಕಡೆ ಜಾಗವಿಲ್ಲ ಅಂದೆ. ಹಾಗಾದರೆ ಯಾರೂ ಸಾಯಬೇಡಿ ಅಂದಳು ಟ್ರಿಫಿ.

ನಿನ್ನೆ ಹೇಜಲ್ ಬಂದಿದ್ದಳು, ಹಂದಿತೊಡೆ ಸಮೇತ. ಟ್ರಿಫಿ ಅವಳನ್ನು ಜಗಲಿಯ ಮೇಲೇ ನಿಲ್ಲಿಸಿ, ತಕ್ಕಷ್ಟು ಹೊತ್ತು ಹವಾಮಾನ ಮಾತಾಡಿ, ಆಮೇಲೆ ಒಳಗೆ ಬಿಟ್ಟಳು. ಉಪ್ಪು ಮೀನು ಒಂದು ವಾರದಿಂದ ಮುಟ್ಟಿಲ್ಲ.

ಇದನ್ನು ಬರೆಯುವಾಗ ಹೊರಗೆ ಸದ್ದು. ಯಾರೋ ಮೆಟ್ಟಿಲು ಇಳಿಯುತ್ತಿದ್ದಾರೆ. ಹಳೆಯದಾಗಿದ್ದರೆ ಯಾರು, ಎಷ್ಟನೆಯದರಲ್ಲಿ ಎಂದು ಹೇಳುತ್ತಿದ್ದೆ. ಇದರಲ್ಲಿ ಏನೂ ಗೊತ್ತಾಗುವುದಿಲ್ಲ. ಟಕ್, ಟಕ್, ಎಲ್ಲ ಒಂದೇ. ಸುಡುಗಾಡು ಕಾಯಿದೆ. ಡ್ರೂಸಿ ಇರಬೇಕು. ಟ್ರಿಫಿ ಅಲ್ಲ, ಅವಳ ವಾಕರ್ ಇಲ್ಲೇ ನನ್ನ ಕುರ್ಚಿಯ ಪಕ್ಕ—

ವಾಕರ್ ಇಲ್ಲೇ ಇದೆ.

ಟ್ರಿಫೀ! ಒಬ್ಬಳೇ ಏನು ಮಾ